ಬಿತ್ತನೆಗೆಡ್ಡೆ ಕೊಯ್ಯೋ ದಿನ

ಮೊನ್ನೆ ಭಾನುವಾರ ಪೂರಿಗೆ ಸಾಗು ಮಾಡೋಣ ಅಂತ ಕುಕ್ಕರಿನಲ್ಲಿ ಆಲೂಗೆಡ್ಡೆ ಇಟ್ಟಿದ್ದೆ. ಎರಡನೇ ವಿಷಲ್ ಆಗ್ತಿತ್ತು, ತವರಿಂದ ತಮ್ಮನ ಫೋನು ಬಂತು. "ಅಕ್ಕ, ಈ ಸಲ ಒಂದರ್ಧ ಎಕರೆ ಆಲೂಗೆಡ್ಡೆ ಹಾಕೋಣ ಅಂತಿದೀನಿ. ಅವ್ವ ಬೇಡ್ವೇ ಬೇಡ ಅಂತ ಕೂತವ್ಳೆ. ನೀನಾದ್ರೂ ಒಂದ್ಮಾತು ಹೇಳು" ಅಂದ. ಫೋನು ಅವ್ವನ ಕೈಗೆ ಹೋಯ್ತು. ಎಂಬತ್ತರ ಹತ್ತಿರ ಬಂದಿರೋ ಅವ್ವ ಹೇಳಿದ್ದು ಇಷ್ಟೇ: "ಮಳೆ ಯಾವತ್ತು ಬತ್ತದೆ ಅಂತ ಅವನು ಹೇಳ್ಲಿ. ಗೆಡ್ಡೆ ಯಾವತ್ತು ಕೊಯ್ಯಬೇಕು ಅಂತ ನಾನು ಹೇಳ್ತೀನಿ."

ಹಾಸನದ ಕಡೆಯವರಿಗೆ ಈ ಮಾತು ಅಲ್ಲೇ ಅರ್ಥ ಆಗಿಬಿಡುತ್ತೆ. ಬೇರೆ ಊರಿಗೆ ಸೊಸೆಯಾಗಿ ಹೋದ ನಮ್ಮ ಹುಡುಗೀರಿಗೆ, ಇಲ್ಲಿ ನಮ್ಮ ಬೀದಿಯ ಗೆಳತಿಯರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಲೂಗೆಡ್ಡೆಗೆ ಬೀಜ ಅಂದ್ರೆ ಗೆಡ್ಡೇನೇ. ದೊಡ್ಡ ಗೆಡ್ಡೆಯಾದ್ರೆ ಹೋಳಿಗೆ ಎರಡು ಮೂರು ಕಣ್ಣು ಉಳಿಯೋ ಹಾಗೆ ಕೊಯ್ದು ಸಾಲಿಗೆ ಹಾಕೋದು. ಎಕರೆಗೆ 50 ಕೆಜಿ ಮೂಟೆ ಹತ್ತು ಹನ್ನೆರಡು ಬೇಕು. ಆ ಕೆಲಸ ನಮ್ಮ ಕಡೆ ಹೆಂಗಸರದ್ದೇ. ಪಡಸಾಲೇಲಿ ಗೋಣಿತಾಟು ಹಾಸಿ, ಅತ್ತೆ, ಚಿಕ್ಕಮ್ಮ, ಕೂಲಿಗೆ ಬಂದ ನಾಲ್ಕು ಜನ ಸುತ್ತ ಕೂತು, ರಾತ್ರಿ ಹತ್ತಾದ್ರೂ ಕೊಯ್ತಾನೇ ಇರೋರು. ಕೈಯೆಲ್ಲ ಗಂಜಿ ಅಂಟಿ ಬಿರಿಯೋದು. ಕೊಯ್ದ ಹೋಳನ್ನ ಒಂದೆರಡು ದಿನ ನೆರಳಲ್ಲಿ ಆರಿಸಬಹುದು, ಆಮೇಲೆ ಅದು ಕಾಯೋಲ್ಲ. ಭೂಮಿ ಹದ ಇಲ್ಲದಿದ್ರೆ ಮನೇಲಿದ್ದು ಕೊಳೆಯುತ್ತೆ, ಒಣಮಣ್ಣಿಗೆ ಹಾಕಿದ್ರೆ ಕಾವಿಗೆ ಬೆಂದುಹೋಗುತ್ತೆ, ಹಾಕಿದ ಮಾರನೇ ದಿನ ಬಿರುಮಳೆ ಬಂದು ನೀರು ನಿಂತ್ರೂ ಕೊಳೆಯುತ್ತೆ. ರಾಗಿಯಾದ್ರೆ ಚೀಲದಲ್ಲಿ ಇನ್ನೊಂದು ತಿಂಗಳು ಕಾಯುತ್ತೆ. ಆಲೂಗೆಡ್ಡೆಗೆ ಚಾಕು ತಾಗಿಸಿದ ಮೇಲೆ ಮನೆಯವರ ದುಡ್ಡೆಲ್ಲ ಮೋಡದ ಕೈಲಿ.

ಅದಕ್ಕೇ ಅವ್ವನಿಗೆ ಹೆದರಿಕೆ. ಟಿವಿಯವರು ಹವಾಮಾನ ಬದಲಾವಣೆ ಅಂದಾಗ ನಮಗೆ ನೆನಪಾಗೋದು ಕರಗೋ ಹಿಮ, ಬಿರುಬಿಸಿಲು. ಅವ್ವನ ಬಾಯಲ್ಲಿ ಆ ಮಾತೇ ಇಲ್ಲ. ಅವಳು ಅನ್ನೋದು "ಮಳೆಗಳು ಹೆಸರು ಕಳ್ಕೊಂಡವು" ಅಂತ.

ಹೆಸರು ಅಂದ್ರೆ ಯಾವುದು ಗೊತ್ತಲ್ಲ? ಏಪ್ರಿಲ್ ಕೊನೆಗೆ ಭರಣಿ, ಮೇ ಹನ್ನೊಂದರ ಸುಮಾರಿಗೆ ಕೃತ್ತಿಕೆ, ಇಪ್ಪತ್ತೈದಕ್ಕೆ ರೋಹಿಣಿ, ಜೂನ್ ಎಂಟಕ್ಕೆ ಮೃಗಶಿರೆ, ಆಮೇಲೆ ಆರಿದ್ರೆ. ಒಂದೊಂದು ಹದಿಮೂರು ಹದಿನಾಲ್ಕು ದಿನ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆ ನಾವೆಲ್ಲ ಕೇಳಿದ್ದೇ. ಭರಣಿಗೆ ಉಳುಮೆ, ಕೃತ್ತಿಕೆ ರೋಹಿಣೀಲಿ ಆಲೂಗೆಡ್ಡೆ ಸಾಲಿಗೆ, ಪುಷ್ಯದ ಹೊತ್ತಿಗೆ ಒಳಗೆ ಗೆಡ್ಡೆ ದಪ್ಪ, ಮಘೆ ಕಳೀತಿದ್ದ ಹಾಗೆ ಕೀಳೋದು. ಸುಮಾರು ತೊಂಬತ್ತು ದಿನದ ಲೆಕ್ಕ. ಗೆಡ್ಡೆ ಕಿತ್ತ ಹೊಲಕ್ಕೇ ಹುರುಳಿಯೋ ಅವರೆಯೋ ಚೆಲ್ಲಿದ್ರೆ ಅದೂ ಕೈಗೆ ಬರೋದು. ನಮ್ಮ ಮನೇಲಿ ಮೂರು ಮಕ್ಕಳ ಸ್ಕೂಲ್ ಫೀಸು, ನನ್ನ ಪಿಯುಸಿ, ಅಕ್ಕನ ಮದುವೆ ಎಲ್ಲ ನಡೆದದ್ದು ಈ ತೊಂಬತ್ತು ದಿನದ ಮೇಲೆ.

ಈಗ ಒಂದು ಸೋಜಿಗ ಹೇಳ್ತೀನಿ. ನನ್ನ ಮಗಳು ಕೃಷಿ ಓದಿದವಳು, ಅವಳೇ ತೋರಿಸಿದ್ದು. ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ, ಈಗಿನ ಪೆರು, ಬೊಲಿವಿಯಾ ದೇಶ. ಟಿಟಿಕಾಕ ಅನ್ನೋ ದೊಡ್ಡ ಸರೋವರದ ಆಸುಪಾಸಿನಲ್ಲಿ ಸಾವಿರಾರು ವರ್ಷದ ಹಿಂದೆನೇ ಅದನ್ನ ಪಳಗಿಸಿದ್ರಂತೆ. ಅಲ್ಲಿನ ರೈತರು ಜೂನ್ ತಿಂಗಳು, ಸಂತ ಜಾನ್ ಹಬ್ಬದ ಹೊತ್ತಿಗೆ, ಬೆಳಗಿನ ಜಾವ ಚಳೀಲಿ ಬೆಟ್ಟ ಹತ್ತಿ ಒಂದು ನಕ್ಷತ್ರದ ಗುಂಪು ನೋಡ್ತಾರೆ. ಅದು ದೊಡ್ಡದಾಗಿ, ನಿಚ್ಚಳವಾಗಿ ಕಂಡ್ರೆ ಆ ವರ್ಷ ಮಳೆ ಚೆನ್ನಾಗಿದೆ ಅಂತ ಲೆಕ್ಕ. ಮಬ್ಬಾಗಿ ಕಂಡ್ರೆ ಮಳೆ ತಡ, ಆಲೂಗೆಡ್ಡೆ ನೆಡೋದನ್ನ ಕೆಲವು ವಾರ ಮುಂದಕ್ಕೆ ಹಾಕ್ತಾರೆ. ಯಾವ ನಕ್ಷತ್ರ ಅಂತೀರಿ? ನಮ್ಮ ಕೃತ್ತಿಕೇನೇ! ಸಮುದ್ರದ ಆಚೆ ಅವರು, ಈಚೆ ನಾವು, ಮಧ್ಯದಲ್ಲಿ ಅದೇ ಆರು ನಕ್ಷತ್ರ, ಅದೇ ಗೆಡ್ಡೆ. ನಾವು ಹೇಳೋ ಕೃತ್ತಿಕೆ ಮಳೆಯ ದಿನಗಳಲ್ಲಿ ಸೂರ್ಯ ಆ ನಕ್ಷತ್ರದಲ್ಲಿ ಇರೋದ್ರಿಂದ ಅದು ಕಣ್ಣಿಗೆ ಕಾಣೋಲ್ಲ. ಅವರು ನೋಡೋದು ಅದು ಮತ್ತೆ ಬೆಳಗಿನ ಜಾವ ಮೂಡಿದಾಗ. ಅಷ್ಟೇ ವ್ಯತ್ಯಾಸ.

ಇದು ಬರೀ ನಂಬಿಕೆ ಅಂತ ಪಟ್ಟಣದವರು ನಗಬಹುದು. ಆದ್ರೆ ವಿಜ್ಞಾನಿಗಳು ಕೂತು ಲೆಕ್ಕ ಹಾಕಿ 2000ನೇ ಇಸವೀಲಿ ನೇಚರ್ ಪತ್ರಿಕೇಲಿ ಬರೆದ್ರು. ಎಲ್ ನಿನೊ ಅಂತ ಪೆಸಿಫಿಕ್ ಸಾಗರ ಬಿಸಿಯಾಗೋ ವರ್ಷಗಳಲ್ಲಿ ಆಂಡೀಸಿನ ಆಕಾಶದಲ್ಲಿ ಬಹಳ ಎತ್ತರಕ್ಕೆ, ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಮೋಡ ಕಟ್ಟುತ್ತೆ, ಅದರಿಂದ ನಕ್ಷತ್ರ ಮಬ್ಬಾಗುತ್ತೆ. ಆ ವರ್ಷಗಳಲ್ಲೇ ಅಲ್ಲಿ ಮಳೆ ಕಮ್ಮಿ. ಅಂದ್ರೆ ರೈತರ ಕಣ್ಣು ಸರಿಯಾಗೇ ಇತ್ತು. ಇನ್ನೊಂದು ವಿಷ್ಯ ಏನಂದ್ರೆ, ಅದೇ ಎಲ್ ನಿನೊ ನಮ್ಮ ಮುಂಗಾರನ್ನೂ ಎಷ್ಟೋ ಸಲ ಸೊರಗಿಸುತ್ತೆ. 2023ರಲ್ಲಿ ಹಾಗೇ ಆಯ್ತು. ನಮ್ಮ ರಾಜ್ಯದ ಬಹುಪಾಲು ತಾಲೂಕು ಬರಪೀಡಿತ ಅಂತ ಘೋಷಣೆ ಆಗಿದ್ದು ನಿಮಗೆ ನೆನಪಿರಬೇಕು.

ಬೆಟ್ಟದಿಂದ ನಮ್ಮ ಹೊಲಕ್ಕೆ ಈ ಗೆಡ್ಡೆ ಬಂದ ದಾರಿ ದೊಡ್ಡದು. ಸ್ಪೇನಿನವರು ಹದಿನಾರನೇ ಶತಮಾನದಲ್ಲಿ ಯುರೋಪಿಗೆ ಒಯ್ದರು. ಅಲ್ಲಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು ಅಂತಾರೆ. ಧಾರವಾಡದ ಕಡೆಯವರು ಬಟಾಟಿ ಅನ್ನೋದು, ಮಂಗಳೂರಿನವರು ಬಟಾಟೆ ಅನ್ನೋದು ಪೋರ್ಚುಗೀಸ್ ಮಾತೇ. ನಮ್ಮ 'ಆಲೂ' ಮಾತ್ರ ಹಳೇದು, ಸಂಸ್ಕೃತದಲ್ಲಿ ಯಾವುದೋ ಬೇರೆ ಗೆಡ್ಡೆಗಿದ್ದ ಹೆಸರನ್ನ ಇದಕ್ಕೆ ಅಂಟಿಸಿದ್ದು. ಹೊರಗಿಂದ ಬಂದದ್ದು ಅಂತಾನೇ ಮಡಿವಂತರ ಮನೇಲಿ ಈಗಲೂ ತಿಥಿ ಅಡಿಗೆಗೆ ಆಲೂಗೆಡ್ಡೆ ಹಾಕೋಲ್ಲ. ನಮ್ಮ ಮನೆ ಎದುರಿನ ಅಜ್ಜಿ ಬೋಂಡಾ ಮಾತ್ರ ಬಿಡ್ತಿರಲಿಲ್ಲ, ಅದು ಬೇರೆ ಮಾತು!

ನಮ್ಮ ಜಿಲ್ಲೆಗೆ ಅದು ಒಗ್ಗಿದ್ದು ಹವೆಯಿಂದ. ಆಲೂಗೆಡ್ಡೆಗೆ ಹಗಲು ಬೆಳಕು ಬೇಕು, ರಾತ್ರಿ ತಂಪಿರಬೇಕು. ರಾತ್ರಿ ಸೆಕೆ ಜಾಸ್ತಿಯಾದ್ರೆ ಗಿಡ ಎಲೆ ಬಿಟ್ಕೊಂಡು ಸೊಕ್ಕುತ್ತೆ ಹೊರತು ಕೆಳಗೆ ಗೆಡ್ಡೆ ಕಟ್ಟೋಲ್ಲ. ದೇಶದ ಬಹುಪಾಲು ಕಡೆ ಚಳಿಗಾಲದಲ್ಲಿ ಬೆಳೀತಾರೆ. ಹಾಸನ ಸಮುದ್ರಮಟ್ಟಕ್ಕಿಂತ ಹೆಚ್ಚುಕಮ್ಮಿ ಮೂರು ಸಾವಿರ ಅಡಿ ಎತ್ತರ, ಮಲೆನಾಡಿನ ಸೆರಗು. ಜೂನ್ ಜುಲೈನಲ್ಲಿ ಮೋಡ ಮುಚ್ಚಿ ತಣ್ಣಗಿರುತ್ತೆ, ಸಣ್ಣಗೆ ಸೋನೆ ಹಿಡಿಯುತ್ತೆ. ಬೋರು, ಕಾಲುವೆ ಏನೂ ಇಲ್ಲದೆ ಮಳೆಗೇ ಬೆಳೆಯೋ ಆಲೂಗೆಡ್ಡೆ ಅಂದ್ರೆ ನಮ್ಮದೇ ಅಂತ ಹೆಸರಾಯ್ತು. ನಮ್ಮವರು ಹಾಕ್ತಿದ್ದದ್ದು 'ಜ್ಯೋತಿ'. ಶಿಮ್ಲಾದ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು 1968ರಲ್ಲಿ ಬಿಟ್ಟ ಕುಫ್ರಿ ಜ್ಯೋತಿ ಅದು. ಕುಫ್ರಿ ಅಂದ್ರೆ ಶಿಮ್ಲಾ ಹತ್ತಿರದ ಒಂದು ಊರು. ನಾನಂತೂ ಮದುವೆಯಾಗೋವರೆಗೂ ಜ್ಯೋತಿ ಅನ್ನೋದು ಯಾರೋ ವ್ಯಾಪಾರಿ ಮಗಳ ಹೆಸರು ಅಂದ್ಕೊಂಡಿದ್ದೆ.

ಬಿತ್ತನೆ ಮಾತ್ರ ನಮ್ಮದಲ್ಲ. ಸೆಪ್ಟೆಂಬರಿನಲ್ಲಿ ಕಿತ್ತ ಗೆಡ್ಡೇನ ಮೇ ತನಕ ಮನೇಲಿಟ್ರೆ ಮೊಳೆತು ಸುಕ್ಕಾಗುತ್ತೆ, ಜೊತೆಗೆ ವೈರಸ್ ರೋಗ ವರ್ಷದಿಂದ ವರ್ಷಕ್ಕೆ ಏರುತ್ತೆ. ಪಂಜಾಬಿನ ಬಯಲಲ್ಲಿ ಚಳಿಗಾಲಕ್ಕೆ ರೋಗ ಹರಡೋ ಸಸ್ಯಹೇನು ಕಮ್ಮಿ, ಅದಕ್ಕೆ ಅಲ್ಲಿ ಬೆಳೆದದ್ದು ಬೀಜಕ್ಕೆ ಒಳ್ಳೇದು. ಜಲಂಧರಿನಿಂದ ಲಾರಿ ಲಾರಿ ಬಂದು ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಇಳಿಯೋದು. ಏಪ್ರಿಲ್ ಮೇ ಬಂದ್ರೆ ಅಲ್ಲಿ ಜಾತ್ರೆ. ಅಪ್ಪ ಬೆಳಗಿನ ಜಾವ ಹೋಗಿ ಮೂಟೆಗೆ ಕೈಹಾಕಿ, ಒಂದು ಗೆಡ್ಡೆ ಸೀಳಿ ಮೂಸಿ ನೋಡಿ ಕೊಳ್ಳೋರು. ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ, ಅದೂ ಒಂದು ಹನಿ ಮಳೆ ಬೀಳೋಕೆ ಮುಂಚೆ.

ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷದ ಮಾತು. ಅಪ್ಪ ಇನ್ನೂ ಇದ್ರು. ಗೆಡ್ಡೆ ಚೆನ್ನಾಗಿ ಹುಟ್ಟಿ, ಮಣ್ಣು ಏರಿಸಿ, ಹೂವೂ ಬಂದಿತ್ತು. ಜುಲೈನಲ್ಲಿ ಸೋನೆ ಹಿಡೀತು, ಬಿಡಲೇ ಇಲ್ಲ. ನಾನು ಆಗ ತವರಲ್ಲಿದ್ದೆ. ಒಂದು ಬೆಳಿಗ್ಗೆ ಅವ್ವ ಒಂದೆಲೆ ಕಿತ್ಕೊಂಡು ಬಂದ್ಲು. ಅಂಚಿನಲ್ಲಿ ನೀರಲ್ಲಿ ನೆನೆದ ಹಾಗೆ ಕಪ್ಪು ಮಚ್ಚೆ, ತಿರುಗಿಸಿದ್ರೆ ಬೂದಿ ಉದುರಿಸಿದ ಹಾಗೆ ಬಿಳಿ ಬೂಷ್ಟು. ಅಂಗಮಾರಿ. ಔಷಧಿ ತರೋಕೆ ಅಪ್ಪ ಪೇಟೆಗೆ ಹೋದ್ರು, ಸಿಂಪಡಿಸೋಕೆ ಮಳೆ ಬಿಡಬೇಕಲ್ಲ. ಐದಾರು ದಿನದಲ್ಲಿ ಎರಡೆಕರೆ ಹೊಲ ಕಾದ ನೀರು ಎರಚಿದ ಹಾಗಾಯ್ತು. ಆ ವಾಸನೆ ನನಗೆ ಇನ್ನೂ ಮೂಗಲ್ಲಿದೆ. ಅವ್ವನ ಎರಡೆಳೆ ಸರ ಅಡವಿಗೆ ಹೋದದ್ದು ವಾಪಸ್ ಬರಲಿಲ್ಲ.

ಆ ದಿನಗಳಲ್ಲಿ ಜಗಲೀಲಿ ಕೂತು ಒಬ್ಬೊಬ್ಬರು ಒಂದೊಂದು ಅಂದ್ರು. ವ್ಯಾಪಾರಿ ಕೆಟ್ಟ ಬೀಜ ಕೊಟ್ಟು ಮೋಸ ಮಾಡಿದ ಅಂತ ಅಪ್ಪ. ಭೂಮಿಗೆ ಗೊಬ್ಬರ ಹಾಕಿ ಹಾಕಿ ಸತ್ವ ಹೋಯ್ತು ಅಂತ ದೊಡ್ಡಪ್ಪ. ದೃಷ್ಟಿ ಅಂತ ಅತ್ತೆ. ಮಂಜು ಅಂತ ಇನ್ನೊಬ್ಬರು. ಅವ್ವ ಮಾತ್ರ "ಮುಂಚೇನೂ ಸೋನೆ ಹಿಡೀತಿತ್ತು. ನಡುವೆ ನಡುವೆ ಬಿಸಿಲು ಬೀಳ್ತಿತ್ತು. ಈಗ ಬಿದ್ರೆ ಬರೀ ಬಿಸಿಲು, ಹಿಡಿದ್ರೆ ಬರೀ ಮಳೆ" ಅಂದ್ಲು.

ಈ ಜಗಲಿ ಮಾತನ್ನೇ ನಾನು ಬೇರೆ ದೇಶದ ಚರಿತ್ರೇಲಿ ಓದಿದಾಗ ಮೈ ಜುಂ ಅಂತು. ಐರ್ಲೆಂಡಿನಲ್ಲಿ 1845ರ ಸೆಪ್ಟೆಂಬರಿಗೆ ಇದೇ ರೋಗ ಬಂತು. ಬಡವರು ಮೂರು ಹೊತ್ತೂ ಅದನ್ನೇ ತಿನ್ನೋರು, ಹೆಚ್ಚುಕಮ್ಮಿ ಎಲ್ಲರೂ ಹಾಕಿದ್ದು ಲಂಪರ್ ಅನ್ನೋ ಒಂದೇ ತಳಿ. ಕೆಲವೇ ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು, ಅಷ್ಟೇ ಜನ ಹಡಗು ಹತ್ತಿ ಊರು ಬಿಟ್ಟರು. ಅದೇ ಹೊತ್ತಿನಲ್ಲಿ ಆ ದೇಶದ ಬಂದರಿನಿಂದ ದವಸ ಹೊರಗೆ ಹೋಗ್ತಾನೇ ಇತ್ತು. ಅದನ್ನ ಓದಿದಾಗ ಮಾತ್ರ ನನಗೆ ರೋಗದ ಮೇಲಿಗಿಂತ ಮನುಷ್ಯರ ಮೇಲೇ ಸಿಟ್ಟು ಬಂತು. ಅಲ್ಲೂ ಒಬ್ಬರು ದೇವರ ಕೋಪ ಅಂದ್ರು, ಒಬ್ಬರು ಥಂಡಿ ಅಂದ್ರು, ಹೊಸದಾಗಿ ಬಂದಿದ್ದ ಉಗಿಬಂಡಿಯಿಂದ ಗಾಳೀಲಿ ವಿದ್ಯುತ್ ಸೇರಿಕೊಂಡಿದೆ ಅಂದವರೂ ಇದ್ರು. ಬರ್ಕ್ಲಿ ಅಂತ ಒಬ್ಬ ಪಾದ್ರಿ 1846ರಲ್ಲಿ, ಎಲೆ ಮೇಲಿನ ಬೂಷ್ಟೇ ರೋಗಕ್ಕೆ ಕಾರಣ, ಕೊಳೆತದ್ದಕ್ಕೆ ಬೂಷ್ಟು ಬಂದದ್ದಲ್ಲ ಅಂತ ಬರೆದ. ಬಹಳ ಜನ ಒಪ್ಪಲಿಲ್ಲ. ಜರ್ಮನಿಯ ಡಿ ಬಾರಿ 1861ರಲ್ಲಿ ಅದನ್ನ ಸಾಬೀತು ಮಾಡಿದ.

ಮಲೆನಾಡಿನ ನಮ್ಮ ನೆಂಟರಿಗೆ ಒಂದು ಮಾತು: ನಿಮ್ಮ ಅಡಿಕೆಯ ಕೊಳೆರೋಗ ಈ ಅಂಗಮಾರಿಯ ದಾಯಾದಿ. ಒಂದೇ ಕುಲದ ಬೂಷ್ಟು. ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ 1880ರ ದಶಕದಲ್ಲಿ ದ್ರಾಕ್ಷಿಗೆ ಅಂತ ಹುಟ್ಟಿದ್ದು, ಅಂಗಮಾರಿಗೂ ಆಗಿ ಬಂತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಕೊಳೆಗೆ ಅದನ್ನ ಹೊಡೆಯೋದು ಕಲಿಸಿದವರು ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ, ಸುಮಾರು 1910ರ ಹೊತ್ತಿಗೆ.

ಬೂಷ್ಟೇ ಕಾರಣ ಅಂತಾದ್ರೆ ಜಗಲೀಲಿ ಕೂತವರೆಲ್ಲ ತಪ್ಪೇ? ನನಗೆ ಹಾಗನ್ನಿಸೋಲ್ಲ. ಎಲೆ ಗಂಟೆಗಟ್ಟಲೆ ಒದ್ದೆಯಾಗಿ ಹವೆ ತಂಪಾಗಿದ್ರೇನೇ ಆ ಬೂಷ್ಟಿಗೆ ಜೀವ. ರೋಗ ಬಿತ್ತನೆಗೆಡ್ಡೆ ಒಳಗೆ ಕೂತು ಬರೋದೂ ಉಂಟು, ಹಾಗಾಗಿ ಅಪ್ಪನ ಅನುಮಾನಾನೂ ಸುಮ್ಮನೆ ಅಲ್ಲ. ದೃಷ್ಟಿ ಒಂದು ಬಿಟ್ರೆ ಎಲ್ಲರ ಮಾತಲ್ಲೂ ಒಂದೊಂದು ಚೂರು ನಿಜ ಇತ್ತು. ಬೇಜಾರಿನ ಸಂಗತಿ ಏನಂದ್ರೆ, ಯಾವ ತಂಪು ಮೋಡ ನೋಡಿ ಆಲೂಗೆಡ್ಡೆ ನಮ್ಮೂರಿಗೆ ಬಂತೋ ಅದೇ ಮೋಡ ಅದಕ್ಕೆ ಯಮ. ಎರಡರ ನಡುವೆ ಒಂದು ಅಳತೆ ಇತ್ತು. ನಮ್ಮ ಹಿರಿಯರು ಬದುಕಿದ್ದು ಆ ಅಳತೆ ಮೇಲೆ.

ಅಳತೆ ತಪ್ಪಿದ್ದು ಒಂದೇ ಸಲ ಅಲ್ಲ. ಕೃತ್ತಿಕೇಲಿ ಬರಬೇಕಾದ್ದು ಬರದೆ ಜನ ಮೃಗಶಿರೆ ತನಕ ಮೂಟೆ ಮುಂದೆ ಕಾದು ಕೂತ ವರ್ಷ ಇದೆ. ಕಾದು ಬಿತ್ತಿದ್ರೆ ಗೆಡ್ಡೆ ಕೀಳೋ ಹೊತ್ತಿಗೆ ಹಿಂಗಾರು ಸಮೀಪ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟ ಜರಿದ ಮಳೆ ನಮ್ಮ ಜಿಲ್ಲೆಗೂ ಸುರೀತು. ತಮ್ಮನ ಹೊಲದಲ್ಲಿ ಕೀಳೋಕೆ ಬಂದಿದ್ದ ಗೆಡ್ಡೆ ಮಣ್ಣೊಳಗೇ ಅಂಬಲಿ ಆಯ್ತು. ಆಯೋಕೆ ಹೋದ ನಾದಿನಿ ಕೈಗೆ ಸಿಕ್ಕಿದ್ದು ಬರೀ ಸಿಪ್ಪೆ. ಆ ವರ್ಷದಿಂದ ಅವನು ಬಿಟ್ಟ. ಜಿಲ್ಲೇಲಿ ಒಂದು ಕಾಲಕ್ಕೆ ಹತ್ತಾರು ಸಾವಿರ ಹೆಕ್ಟೇರ್ ಇದ್ದ ಆಲೂಗೆಡ್ಡೆ ಈಗ ಕರಗಿ ಕರಗಿ ಅಷ್ಟಿಷ್ಟಾಗಿದೆ. ಆ ಜಾಗಕ್ಕೆ ಮುಸುಕಿನ ಜೋಳ ಬಂತು, ನೀರಿದ್ದವರಿಗೆ ಶುಂಠಿ. ಬೆಲೆ ಬಿದ್ದದ್ದು, ಕೂಲಿ ಏರಿದ್ದು ಅವೂ ಕಾರಣ, ಎಲ್ಲಾನೂ ಮೋಡದ ತಲೆಗೆ ಕಟ್ಟೋಕಾಗೋಲ್ಲ. ಆದ್ರೆ ಯಾಕೆ ಬಿಟ್ರಿ ಅಂತ ನಮ್ಮೂರ ಹೆಂಗಸರನ್ನ ಕೇಳಿ ನೋಡಿ, "ಯಾವತ್ತು ಕೊಯ್ಯೋದು ಅಂತ ಗೊತ್ತಾಗ್ದಿದ್ಮೇಲೆ" ಅಂತಾನೇ ಶುರು ಮಾಡ್ತಾರೆ. ಜೋಳಕ್ಕೆ ಚಾಕು ಬೇಡ, ಗೋಣಿತಾಟು ಬೇಡ. ಕೂಲಿಗೆ ಬರ್ತಿದ್ದ ಆ ನಾಲ್ಕು ಜನಕ್ಕೂ ಮೇ ತಿಂಗಳ ಕೂಲಿ ಹೋಯ್ತು, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯೋಲ್ಲ.

ಆಂಡೀಸಿನವರಿಗೂ ಈಗ ಇದೇ ಕಷ್ಟ. ಪೆರುವಿನ ಕುಸ್ಕೋ ಹತ್ತಿರ ಪಿಸಾಕ್ ಅನ್ನೋ ಕಡೆ ಕೆಚುವಾ ಜನರ ಕೆಲವು ಊರುಗಳು ಸೇರಿ ಆಲೂಗೆಡ್ಡೆ ವನ ಅಂತ ಮಾಡ್ಕೊಂಡು ಸಾವಿರಕ್ಕೂ ಮೇಲೆ ಬಗೆ ಉಳಿಸಿದಾರೆ. ಕೆಳಗೆ ಸೆಕೆ ಆಯ್ತು, ಹುಳ ಬಂತು ಅಂತ ಅವರು ಗೆಡ್ಡೇನ ಬೆಟ್ಟದ ಮೇಲಮೇಲಕ್ಕೆ ಒಯ್ತಿದಾರೆ. ಬೆಟ್ಟಕ್ಕೂ ಒಂದು ತುದಿ ಇದೆಯಲ್ಲ. ನಮ್ಮ ಹೊಲಕ್ಕಂತೂ ಮೇಲೆ ಹೋಗೋಕೆ ಜಾಗಾನೇ ಇಲ್ಲ.

ತಮ್ಮ ಈ ಸಲ ಕುಣಿದದ್ದಕ್ಕೂ ಕಾರಣ ಇದೆ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದ ಕಡೆಯಿಂದ ಕೆಲವು ವರ್ಷದಿಂದ ಹೊಸದೊಂದು ಬಂದಿದೆ. ಪೆರುವಿನ ಲಿಮಾದಲ್ಲಿರೋ ಅಂತಾರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದವರೂ ಇದರಲ್ಲಿ ಸೇರಿದಾರೆ. ಗೆಡ್ಡೆ ಬದಲು ಸಸಿ. ರೋಗ ಇಲ್ಲದ ತಾಯಿಗಿಡದ ಕುಡಿ ಚಿವುಟಿ, ಬೇರು ಬರಿಸಿ, ಟ್ರೇನಲ್ಲಿ ಕೊಡ್ತಾರೆ, ಟೊಮೇಟೊ ಸಸಿ ಹಾಗೆ. ಅದರಿಂದ ಬಂದ ಗೆಡ್ಡೆ ಮುಂದಿನ ಸಲಕ್ಕೆ ಬಿತ್ತನೆ. ಪಂಜಾಬಿನ ಲಾರಿ ಕಾಯೋದು ತಪ್ಪುತ್ತೆ. ಅಂಗಮಾರಿ ಸ್ವಲ್ಪ ತಡೆಯೋ ಹಿಮಾಲಿನಿ ಅನ್ನೋ ತಳೀನೂ ಇದೆ. ನಾನಿದನ್ನೆಲ್ಲ ಅವ್ವನಿಗೆ ಫೋನಲ್ಲಿ ಹೇಳಿದೆ. ಎಲ್ಲ ಕೇಳ್ಕೊಂಡು, "ಸಸಿ ಅಂದ್ರೆ ನೆಟ್ಟ ದಿನಾನೇ ನೀರು ಬೇಕಲ್ಲೇ. ಬೋರಲ್ಲಿ ಎಷ್ಟೊತ್ತು ಬತ್ತದೆ ಅಂತ ಅವನನ್ನ ಕೇಳ್ದಾ?" ಅಂದ್ಲು. ಕೇಳಿರಲಿಲ್ಲ.

ಕೇಳಿದೆ. ದಿನಕ್ಕೆ ಒಂದೂವರೆ ಗಂಟೆ ಬರುತ್ತಂತೆ. ಅಷ್ಟಕ್ಕೆ ಅರ್ಧ ಎಕರೆ ಆಗೋಲ್ಲ, ಕಾಲೆಕರೆ ಹಾಕ್ಲಿ, ಬೇಲಿ ಪಕ್ಕದ ಎತ್ತರದ ಜಾಗಕ್ಕೆ ಹಾಕ್ಲಿ, ನೀರು ನಿಲ್ಲೋಲ್ಲ ಅಂತ ಅವ್ವನೇ ತೀರ್ಮಾನ ಮಾಡಿದ್ಲು. ತಮ್ಮ ಸಸಿಗೆ ಮುಂಗಡ ಕೊಟ್ಟು ಬಂದಿದಾನೆ. ರೋಹಿಣಿ ಹುಟ್ಟೋಕೆ ಇನ್ನು ಒಂಬತ್ತು ದಿನ. ನೆಡೋ ದಿನ ನಾನೂ ಹೋಗ್ತೀನಿ, ಮೈಸೂರು ರಸ್ತೆ ಕಡೆಯವರು ಯಾರಾದ್ರೂ ಬರೋದಾದ್ರೆ ಹೇಳಿ, ಒಂದೇ ಬಸ್ಸಿಗೆ ಹೋಗೋಣ.